ಮುನ್ನೂರ ಹದಿನೆಂಟನೆಯ ಹಲಗೆ

ಜನವರಿ ೧೨

ಗುಬ್ಬೀ,

ಕೈಬರಹ ನೋಡಿ ಗಾಬರಿಯಾಗಬೇಡ. ಇಷ್ಟು ವರ್ಷ ನಿನ್ನಮ್ಮ ಬರೆಯುತ್ತಿದ್ದಳು. ಕೊನೆಗೆ "ಅಪ್ಪನೂ ಕೇಳಿದರು" ಎಂದು ಒಂದು ಸಾಲು ಸೇರಿಸುತ್ತಿದ್ದಳು. ನಾನು ಕೇಳಿದ್ದೆನೋ ಇಲ್ಲವೋ, ಅವಳಂತೂ ಸೇರಿಸುತ್ತಿದ್ದಳು. ಅವಳು ಹೋಗಿ ವರ್ಷವಾಯಿತು. ನನ್ನ ಪರವಾಗಿ ಕೇಳುವವರು ಯಾರೂ ಉಳಿದಿಲ್ಲ, ಅದಕ್ಕೆ ನಾನೇ ಕೇಳುತ್ತಿದ್ದೇನೆ. ಹೇಗಿದ್ದೀಯೆ?

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಮೂವತ್ತೊಂದು ವರ್ಷ ಗಿರಣಿಯ ಮಗ್ಗಗಳ ನಡುವೆ ನಿಂತ ಕಿವಿ ಇದು. ಡಾಕ್ಟರು ಕೊಟ್ಟ ಯಂತ್ರ ಸಿಕ್ಕಿಸಿಕೊಂಡು ಫೋನ್ ಹಿಡಿದರೆ ಬಾಣಲೆಯಲ್ಲಿ ಏನೋ ಕರಿಯುವ ಸದ್ದು ಬರುತ್ತದೆ. ಎದುರಿಗೆ ತುಟಿ ಕಂಡರೆ ಮಾತ್ರ ನನಗೆ ಮಾತು ತಿಳಿಯುತ್ತದೆ. ಅದು ನಿನಗೂ ಗೊತ್ತು.

ವಿಷಯಕ್ಕೆ ಬರುತ್ತೇನೆ. ಮೊನ್ನೆ ಕ್ಷೌರಕ್ಕೆ ಕೂತಿದ್ದಾಗ ಪೇಪರಿನ ಆಟದ ಪುಟದಲ್ಲಿ ಒಂದು ಫೋಟೋ ಇತ್ತು. ಬಂದರು ತಂಡದ ಹುಡುಗಿಯರ ಹೊಸ ಗೋಲ್‌ಕೀಪರ್, ಹದಿನೆಂಟು ವರ್ಷ. ಬಣ್ಣ ಅವಳಪ್ಪನದು. ಆದರೆ ಗಲ್ಲ ಚಾಚಿ ನಿಂತ ರೀತಿ ಇದೆಯಲ್ಲ, ನಿನ್ನಮ್ಮ ನನ್ನ ಜತೆ ಜಗಳಕ್ಕೆ ನಿಲ್ಲುತ್ತಿದ್ದಾಗ ಥೇಟ್ ಹಾಗೇ ನಿಲ್ಲುತ್ತಿದ್ದಳು. ಅವಳು ಹೊಲಿಗೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಫೋಟೋಗಳಲ್ಲಿ ಈ ಹುಡುಗಿಯನ್ನು ನಾನು ನೋಡಿದ್ದೇನೆ. ಬಚ್ಚಿಟ್ಟದ್ದು ನನಗೆ ಗೊತ್ತಿತ್ತು, ಗೊತ್ತಿತ್ತೆಂಬುದು ಅವಳಿಗೂ ಗೊತ್ತಿತ್ತು. "ಇವಳು ನನ್ನ ಮೊಮ್ಮಗಳು" ಎಂದೆ. ಕ್ಷೌರದವನು ಕನ್ನಡಿಯಲ್ಲಿ ನನ್ನನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿ, "ಸುಮ್ನಿರಣ್ಣ, ಏನ್ ತಮಾಷೆ ಮಾಡ್ತೀಯ" ಎಂದ.

ಅವಳೇ ತಾನೇ?

ಇನ್ನೊಂದು ವಿಷಯ. ನಮ್ಮ ಕ್ರೀಡಾಂಗಣದ ಗೋಲಿನ ಹಿಂದಿನ ಗ್ಯಾಲರಿ ರಿಪೇರಿ ಮಾಡುತ್ತಾರಂತೆ. ಸಿಮೆಂಟಿನ ಮೆಟ್ಟಿಲ ಮೇಲೆ ಬೋಲ್ಟು ಹಾಕಿ ಕೂರಿಸಿದ ಹಲಗೆಗಳ ಪಟ್ಟಿ ಮತ್ತೆ ಬರೆಯುತ್ತಿದ್ದಾರೆ. ನಮ್ಮ ಹಲಗೆಗೆ ನನ್ನಪ್ಪನ ಗಿರಣಿ ನಂಬರನ್ನೇ ಕಾದ ಕಬ್ಬಿಣದಲ್ಲಿ ಸುಟ್ಟಿದ್ದಾರೆ, ೩೧೮. ಅಪ್ಪನಿಂದ ನನಗೆ ಬಂತು. ನನ್ನ ನಂತರ ಯಾರು ಎಂದು ಪಟ್ಟಿಯಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದಾರೆ. ನಿನ್ನ ಹೆಸರು ಬರೆಯಲೇ?

ನಿನ್ನ ಅಪ್ಪ

◆

ಫೆಬ್ರವರಿ ೩

ಅಪ್ಪಾ,

ಹೌದು, ಅವಳೇ. ಗಲ್ಲ ಅಮ್ಮನದು, ಹಟವೂ ಅಮ್ಮನದು.

ನಿನ್ನ ಪತ್ರ ಬಂದು ಎರಡು ವಾರ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಇವರು ನೋಡುವಷ್ಟು ದಿನ ನೋಡಿ, ಕೊನೆಗೆ ಒಂದು ಬೆಳಗ್ಗೆ ಬಂದರಿಗೆ ಕ್ರೇನ್ ಓಡಿಸಲು ಹೊರಟವರು ಬಾಗಿಲಲ್ಲಿ ನಿಂತು, "ಓದ್ತೀಯೋ, ಇಲ್ಲ ನಾನೇ ಓದಿ ಹೇಳ್ಲೋ?" ಎಂದರು. ಓದಿದೆ. ಓದಿ ಅಳು ಬಂತು, ಸಿಟ್ಟೂ ಬಂತು.

ನಿನಗೆ ಏನು ನೆನಪಿದೆಯೋ ನನಗೆ ತಿಳಿಯದು. ನನಗೆ ಎಲ್ಲವೂ ನೆನಪಿದೆ. ಶನಿವಾರ ಅರ್ಧ ಪಾಳಿ. ಒಂದು ಗಂಟೆಗೆ ಸೈರನ್ ಆದ ಕೂಡಲೇ ನೀವೆಲ್ಲ ತಲೆ ತುಂಬ ಹತ್ತಿ ಮೆತ್ತಿಕೊಂಡು ಗೇಟಿನಿಂದ ಹೊರಬೀಳುತ್ತಿದ್ದಿರಿ, ಒಂದೇ ಬೆಳಗ್ಗೆಯಲ್ಲಿ ಮುದುಕರಾದವರ ಹಾಗೆ. ಅಮ್ಮ ನಿನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಬಾಚಣಿಗೆ ಹಾಕಿ ಹತ್ತಿ ತೆಗೆಯುತ್ತಿದ್ದಳು, "ಒಂದ್ ದಿಂಬು ತುಂಬೋಷ್ಟಿದೆ" ಎಂದು ಬೈಯುತ್ತಿದ್ದಳು. ಆಮೇಲೆ ನಾನು ನಿನ್ನ ಭುಜದ ಮೇಲೆ. ನೀಲಿ ಮಫ್ಲರಿನ ಒಂದು ತುದಿ ನಿನ್ನ ಕುತ್ತಿಗೆಗೆ, ಇನ್ನೊಂದು ತುದಿ ನನ್ನ ಕುತ್ತಿಗೆಗೆ. ರಾತ್ರಿ ಊಟದ ಮೇಜಿನಲ್ಲಿ ನಾವಿಬ್ಬರೂ ಬರೀ ತುಟಿಯಲ್ಲಿ ಅಮ್ಮನ ಸಾರನ್ನು ಆಡಿಕೊಳ್ಳುತ್ತಿದ್ದೆವು. ತಲೆ ಎತ್ತದೆ ಅವಳು, "ಇಬ್ರಿಗೂ ನಾಳೆ ಉಪವಾಸ" ಎನ್ನುತ್ತಿದ್ದಳು. ತುಟಿಭಾಷೆ ಅವಳಿಗೂ ಬರುತ್ತಿತ್ತೆಂದು ನಮಗೆ ಹೊಳೆಯಲು ಎಷ್ಟು ವರ್ಷ ಬೇಕಾಯಿತು!

ನನ್ನ ಬಾಲ್ಯದಲ್ಲಿ ಅದಕ್ಕಿಂತ ಒಳ್ಳೆಯದು ಏನೂ ಇಲ್ಲ ಅಪ್ಪ. ಅದಕ್ಕೇ ನಿನ್ನನ್ನು ಸುಲಭವಾಗಿ ಬಿಟ್ಟುಬಿಡಲು ಆಗುತ್ತಿಲ್ಲ.

ಮಗಳಿಗೆ ಗೋಲು ಕಾಯಲು ಕಲಿಸಿದ್ದು ಇವರ ಚಿಕ್ಕಪ್ಪ. ಅವರು ಯಾರೆಂದು ನಿನಗೆ ಗೊತ್ತು. ನಲವತ್ತು ವರ್ಷದ ಹಿಂದೆ ಬಂದರು ತಂಡ ನಮ್ಮ ಕ್ರೀಡಾಂಗಣಕ್ಕೆ ಬಂದಿದ್ದಾಗ, ನಮ್ಮ ಗ್ಯಾಲರಿಯ ಮುಂದಿನ ಗೋಲಿನಲ್ಲಿ ನಿಂತಿದ್ದವರು. ನನಗೆ ಆಗ ಆರು ವರ್ಷ. ನಿನ್ನ ಭುಜದ ಮೇಲಿದ್ದೆ.

ಆ ದಿನ ನೀನು ಏನು ಮಾಡಿದೆ, ಅದನ್ನು ಬರೆ. ಹಲಗೆಯ ಮಾತು ಆಮೇಲೆ. ಇನ್ನೊಂದೂ ಬರೆ. ನೀನು ಮದುವೆಗೆ ಬರುವುದಿಲ್ಲವೆಂದ ಮೇಲೆ ನಾನು ಊರು ಬಿಟ್ಟ ದಿನ, ಬಸ್ಸಿನ ಕಿಟಕಿಯಿಂದ ನಿನಗೊಂದು ಮಾತು ತುಟಿಯಲ್ಲಿ ಹೇಳಿದೆ. ಗಾಜು ಕೊಳೆಯಾಗಿತ್ತು, ತಿಳಿಯಲಿಲ್ಲ ಎಂದು ಅಮ್ಮನಿಗೆ ಹೇಳಿದೆಯಂತೆ. ನಿಜವೇ?

ಗುಬ್ಬಿ

◆

ಫೆಬ್ರವರಿ ೧೯

ಗುಬ್ಬೀ,

ನಿನ್ನ ಪತ್ರ ಮೂರು ಸಲ ಓದಿದೆ. ಸಾರಿನ ವಿಷಯ ಬಂದಾಗ ಒಬ್ಬನೇ ನಕ್ಕೆ. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ ನೋಡಿದಳು, ಮುದುಕನಿಗೆ ತಲೆ ಕೆಟ್ಟಿತೇ ಎಂದು.

ಆ ಆಟ ನೆನಪಿದೆ. ಆ ಮನುಷ್ಯನ ಕೈಗಳು! ಒಂದೊಂದು ಅಂಗೈಯೂ ಮೊರದಷ್ಟಿತ್ತು. ನಮ್ಮವರು ಹದಿನಾಲ್ಕು ಸಲ ಹೊಡೆದರು, ಹದಿನಾಲ್ಕನ್ನೂ ಹಿಡಿದ. ಗ್ಯಾಲರಿಯವರು ಏನೇನೋ ಕೂಗಿದರು, ನಿಜ. ಆ ಕಾಲವೇ ಹಾಗಿತ್ತು. ಗಿರಣಿಯಲ್ಲಿ ಬಂದರಿನವರಿಗೆ ಕೆಲಸವಿರಲಿಲ್ಲ, ನಮ್ಮ ತಂಡದಲ್ಲಿ ಜಾಗವಿರಲಿಲ್ಲ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಕೂಗಿದ್ದು ಹಿಂದಿನ ಸಾಲಿನವರು. ನನಗೆ ಅವತ್ತು ಗಂಟಲು ಕಟ್ಟಿತ್ತು. ಸುಮ್ಮನೆ ನಿಂತಿದ್ದೆ.

ಬಸ್ಸಿನ ಗಾಜು ನಿಜವಾಗಿಯೂ ಕೊಳೆಯಾಗಿತ್ತು.

ಕೇಳು, ಇವತ್ತಿನ ಸುದ್ದಿ. ಹುಡುಗಿಯರ ಕಪ್ಪಿನ ಸೆಮಿಫೈನಲ್‌ನಲ್ಲಿ ನಮಗೂ ಬಂದರಿಗೂ ಬಿದ್ದಿದೆ. ಏಪ್ರಿಲ್ ಇಪ್ಪತ್ತೇಳು, ನಮ್ಮ ಕ್ರೀಡಾಂಗಣದಲ್ಲಿ. ನನ್ನ ಮೊಮ್ಮಗಳು ನನ್ನ ತಂಡದ ಎದುರು! ನಾನು ಯಾರ ಕಡೆ ಎಂದು ಮಗ್ಗದ ಜತೆಗಾರ ಬಾಬಿನ್ ಕೇಳುತ್ತಿದ್ದಾನೆ. ನೆನಪಿದೆಯಲ್ಲ, ನೂಲು ಸುತ್ತುವ ಬಾಬಿನ್ನಿನಷ್ಟೇ ಸಣ್ಣಗಿದ್ದ ಆ ಕಡ್ಡಿ ಪೈಲ್ವಾನ? ಇನ್ನೂ ಹಾಗೇ ಇದ್ದಾನೆ. ನಾನು ಬರಬಹುದೇ, ಬಂದರೆ ಎಲ್ಲಿ ಕೂರಲಿ? ಬೇಗ ಬರೆ.

ಅಪ್ಪ

◆

ಮಾರ್ಚ್ ೧೪

ಗುಬ್ಬೀ,

ಪೋಸ್ಟಿನವನು ದಿನಾ ನನ್ನನ್ನು ಕಂಡ ಕೂಡಲೇ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ. ಇಪ್ಪತ್ತಮೂರು ದಿನವಾಯಿತು. ಜ್ವರಗಿರ ಬಂದಿಲ್ಲ ತಾನೇ?

ಅಪ್ಪ

◆

ಮಾರ್ಚ್ ೩೦

ಗುಬ್ಬೀ,

ನೀನು ಯಾಕೆ ಬರೆಯಲಿಲ್ಲವೆಂದು ನನಗೆ ಗೊತ್ತು. ಜ್ವರ ಎಂದು ಬರೆದದ್ದು ನನ್ನ ನಾಟಕ. ಈ ಕಾಗದ ನಾಲ್ಕನೆಯದು. ಮೂರು ಹರಿದು ಹಾಕಿದೆ.

ಗ್ಯಾಲರಿಯಲ್ಲಿ ನನ್ನ ಹೆಸರು ಸೈರನ್. ಗಿರಣಿಯ ಸೈರನ್ ಕೆಟ್ಟರೆ ಇವನನ್ನು ಮಾಳಿಗೆ ಹತ್ತಿಸಿದರೆ ಸಾಕು ಎಂದು ಫೋರ್‌ಮನ್ ಹೇಳುತ್ತಿದ್ದ. ಯಾವ ಕೂಗೇ ಇರಲಿ, ನಾನು ಶುರು ಮಾಡಬೇಕು, ಉಳಿದವರು ಎತ್ತಿಕೊಳ್ಳಬೇಕು. ಆ ದಿನ ಒಂದು ಗೋಲೂ ಬಿದ್ದಿರಲಿಲ್ಲ. ಎಲ್ಲರ ಮುಖವೂ ಸಪ್ಪಗಾಗಿತ್ತು. ಬಾಬಿನ್ ತಿರುಗಿ, "ಏನಾದ್ರೂ ಮಾಡೋ ಸೈರನ್, ಆ ಕರಿಯ ಹೆದರ್ಬೇಕು" ಎಂದ. ನಾನು ಮಾಡಿದೆ. ನಮ್ಮ ಸೈರನ್ನಿನ ಹಾಗೆ ಕೆಳಗಿನಿಂದ ದನಿ ಏರಿಸಿ, ತುದಿಯಲ್ಲಿ ಮುರಿದು, ಮೂರು ಸಲ ಕೋತಿಯ ಹಾಗೆ. ಆಮೇಲೆ ಇಡೀ ಗ್ಯಾಲರಿ ನಕ್ಕಿತು. ಆಮೇಲೆ ಇಡೀ ಗ್ಯಾಲರಿ ಕೂಗಿತು.

ನಿನಗೆ ನಿಜ ಬೇಕಲ್ಲ, ತಗೋ. ನನಗೆ ಖುಷಿಯಾಗಿತ್ತು. ಬೆನ್ನು ತಟ್ಟಿದರು, ಟೀ ತಂದುಕೊಟ್ಟರು. ಗೋಲಿನಲ್ಲಿದ್ದವನು ಒಂದೇ ಸಲ ತಿರುಗಿ ನಮ್ಮ ಕಡೆ ನೋಡಿದ. ಕಣ್ಣು ಎಲ್ಲರನ್ನೂ ದಾಟಿ ನನ್ನ ಮೇಲೆ ನಿಂತಿತೆಂದು ಈಗಲೂ ಅನಿಸುತ್ತದೆ. ಆಮೇಲೆ ಮುಂದಿನ ಚೆಂಡು ಹಿಡಿದ.

ನಿನ್ನ ಮದುವೆಗೆ ನಾನು ಬರದಿದ್ದದ್ದು ಹುಡುಗನ ಬಣ್ಣ ನೋಡಿ ಎಂದು ಊರೆಲ್ಲ ಅಂದುಕೊಂಡಿತು. ಅದೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವನ ಚಿಕ್ಕಪ್ಪ ಯಾರೆಂದು ನಿನ್ನಮ್ಮ ಹೇಳಿದ ದಿನವೇ ಬರುವುದಿಲ್ಲ ಎಂದುಬಿಟ್ಟೆ. ನಾನು ಬಾಯಿ ತೆರೆದರೆ ದನಿ ಗುರುತು ಹಿಡಿಯುತ್ತಾನೆ ಎಂದು ಹೆದರಿದೆ.

ಬಸ್ಸಿನ ಗಾಜು ಶುಭ್ರವಾಗಿತ್ತು. "ಶುರು ಮಾಡಿದ್ದು ನೀನೇ" ಎಂದೆ ನೀನು. ಒಂದಕ್ಷರ ಬಿಡದೆ ಓದಿದೆ. ಇಪ್ಪತ್ತೆರಡು ವರ್ಷ ನಿನ್ನಮ್ಮನ ಮುಂದೆ ಆ ಗಾಜಿಗೆ ಕೊಳೆ ಮೆತ್ತುತ್ತಲೇ ಇದ್ದೆ.

ನೀನು ಬೇಡವೆಂದರೆ ಆಟಕ್ಕೆ ಬರುವುದಿಲ್ಲ.

ಅಪ್ಪ

◆

ಏಪ್ರಿಲ್ ೧೦

ಅಪ್ಪಾ,

ನನಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ. ನಿನ್ನ ಕುತ್ತಿಗೆ ನನ್ನ ಮೊಣಕಾಲುಗಳ ನಡುವೆ ಉಬ್ಬಿತು. ಪಕ್ಕೆ ನಡುಗಿದ್ದು ನನ್ನ ಹಿಮ್ಮಡಿಗೆ ತಿಳಿಯಿತು. ಉಳಿದವರೆಲ್ಲ ಕೂಗುವುದಕ್ಕೆ ಮುಂಚೆ.

ನಾನು ನಿನಗೆ ಹೇಳದ್ದೂ ಒಂದಿದೆ. ನಾನೂ ಕೂಗಿದೆ ಅಪ್ಪ. ನಿನ್ನ ತಲೆ ಹಿಡಿದುಕೊಂಡು, ಗಂಟಲು ಹರಿಯುವ ಹಾಗೆ. ನಿನ್ನಷ್ಟೇ ಜೋರಾಗಿ ಕೂಗಬೇಕೆಂಬ ಆಸೆ ನನಗೆ. ಎಲ್ಲರೂ ನನ್ನ ಕೆನ್ನೆ ಹಿಂಡಿ ಮುದ್ದು ಮಾಡಿದರು. ಮದುವೆಯಾಗಿ ಹತ್ತು ವರ್ಷದ ನಂತರ ಇವರಿಗೆ ಹೇಳಿದೆ. ಇವರು, "ಆರು ವರ್ಷದ ಮಗು ಅಲ್ವಾ" ಎಂದರು. ಚಿಕ್ಕಪ್ಪನವರಿಗೆ ಇವತ್ತಿಗೂ ಹೇಳಲು ಆಗಿಲ್ಲ. ಅವರು ನನ್ನನ್ನು ಮಗಳೇ ಎಂದು ಕರೆಯುತ್ತಾರೆ.

ಇಷ್ಟು ವರ್ಷ ನಿನ್ನ ಮೇಲೆ ಸಿಟ್ಟು ಮಾಡಿಕೊಂಡದ್ದರಲ್ಲಿ ನನ್ನ ಮೇಲಿನದೂ ಎಷ್ಟೋ ಸೇರಿತ್ತು.

ಬಾ. ನಾವು ಪೂರ್ವದ ಗೇಟಿನ ಕಡೆ ಕೂರುತ್ತೇವೆ, ಬಂದರಿನವರ ಸಾಲಿನಲ್ಲಿ. ನೀನು ಬರುತ್ತೀಯೆಂದು ಚಿಕ್ಕಪ್ಪನವರಿಗೆ ಹೇಳಿದೆ. "ಬರ್ಲಿ, ಜಾಗ ಇದೆ" ಎಂದಷ್ಟೇ ಅಂದರು. ಮಗಳಿಗೆ ನಾನು ಏನೂ ಹೇಳಿಲ್ಲ. ಅವಳಿಗೆ ಹೇಳುವುದಿದ್ದರೆ ನೀನೇ ಹೇಳಬೇಕು. ಹೇಳದೆ ಅವಳ ತಾತನಾಗಲು ನಾನು ಬಿಡುವುದಿಲ್ಲ.

ಗುಬ್ಬಿ

◆

ಏಪ್ರಿಲ್ ೨೯

ಮಗೂ,

ಆಟ ಮುಗಿದ ಮೇಲೆ ಕ್ರೀಡಾಂಗಣದ ಹೊರಗೆ ನೀನು ನನ್ನ ಕೈ ಕುಲುಕಿ, "ತಾತ, ನೀನು ಅಲ್ಲಿ ಯಾಕೆ ನಿಂತಿದ್ದೆ?" ಎಂದು ಕೇಳಿದೆ. ನಾನು ಹೇಳುವ ಮೊದಲೇ ನಿಮ್ಮ ಬಸ್ಸು ಹೊರಟಿತು. ಈಗ ಬರೆಯುತ್ತೇನೆ. ಓದಿದ ಮೇಲೆ ನನ್ನನ್ನು ತಾತ ಎನ್ನುವುದೋ ಬೇಡವೋ ನಿನಗೆ ಬಿಟ್ಟದ್ದು.

ಆಟದ ಹಿಂದಿನ ದಿನ ಗ್ಯಾಲರಿಗೆ ಹೋಗಿ ನನ್ನ ಹಲಗೆ ಬಿಚ್ಚಿದೆ. ಬೋಲ್ಟು ತುಕ್ಕು ಹಿಡಿದಿತ್ತು, ಒಂದು ಗಂಟೆ ಬೇಕಾಯಿತು. ಬಾಬಿನ್ ಕಂಡ. "ಎಲ್ಲಿಗಯ್ಯಾ ಹಲಗೆ ಹೊತ್ಕೊಂಡು?"

"ಮೊಮ್ಮಗಳ ಕಡೆಗೆ."

"ಐವತ್ತು ವರ್ಷ ಇಲ್ಲಿ ಕೂತು, ಈಗ ಅವ್ರ ಜೊತೆ ಕೂರ್ತೀಯಾ? ನಾಚ್ಕೆ ಆಗಲ್ವಾ?"

"ಆಗತ್ತೆ" ಎಂದೆ. ಯಾವುದಕ್ಕೆಂದು ಅವನಿಗೆ ಹೇಳಲಿಲ್ಲ.

ಮರುದಿನ ಪೂರ್ವದ ಕಡೆ ನಿನ್ನ ಚಿಕ್ಕತಾತ ಎದ್ದು ಜಾಗ ಬಿಟ್ಟರು. ಹಲಗೆ ಇಟ್ಟೆ. ಅವರು ಅದರ ನಂಬರು ನೋಡಿದರು, ನನ್ನನ್ನು ನೋಡಿದರು. "ಆ ದಿನ ನಾನು…" ಎಂದು ಶುರು ಮಾಡಿದೆ. ಅವರು ಅಂಗೈ ಎತ್ತಿದರು. ಈಗಲೂ ಅಷ್ಟೇ ದೊಡ್ಡದು.

"ನೀವು ಬಾಯಿ ಬಿಟ್ಟ ಕೂಡ್ಲೇ ಗೊತ್ತಾಯ್ತು" ಎಂದರು. "ಇಷ್ಟು ದೊಡ್ಡ ಗಂಟ್ಲಿನ ಮನುಷ್ಯ ಇಷ್ಟು ಗಿಡ್ಡ ಇರ್ತಾನೆ ಅಂದ್ಕೊಂಡಿರ್ಲಿಲ್ಲ. ಕೂತ್ಕೊಳ್ಳಿ, ಆಟ ಶುರುವಾಗ್ತಿದೆ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನಲವತ್ತು ವರ್ಷದ ಹಿಂದೆ ನಾನು ಏನು ಕೂಗಿದೆನೆಂದು ಈಗ ನಿನಗೆ ಹೇಳಬೇಕು. ಗೋಲಿನಲ್ಲಿ ನಿಂತಿದ್ದ ಅವರನ್ನು ನೋಡಿ, ಅವರ ಬಣ್ಣಕ್ಕೆ, ಕೋತಿಯ ಕೂಗು ಕೂಗಿದೆ. ನಾನೇ ಮೊದಲು. ನನ್ನ ಹಿಂದೆ ಎಲ್ಲರೂ. ನನ್ನ ಭುಜದ ಮೇಲೆ ನಿನ್ನಮ್ಮ ಇದ್ದಳು.

ಆ ಕೂಗು ಅವತ್ತೇ ಮುಗಿಯಿತು ಎಂದುಕೊಂಡಿದ್ದೆ. ಆಮೇಲೆ ಬಂದರು ತಂಡ ಬಂದಾಗಲೆಲ್ಲ ಹಿಂದಿನ ಸಾಲಿನಲ್ಲಿ ಏನೋ ಗದ್ದಲ ಎದ್ದರೆ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಮೊನ್ನೆ ನಿನ್ನಮ್ಮ ತೆಗೆಯಬೇಡ ಎಂದಳು.

ಅರ್ಧ ಆಟದ ನಂತರ ಕಡೆ ಬದಲಾಗಿ ನೀನು ನಮ್ಮ ಗ್ಯಾಲರಿಯ ಮುಂದಿನ ಗೋಲಿಗೆ ಬಂದೆ. ಆಗ ಕೇಳಿಸಿತು. ಬೇರೆಲ್ಲ ಸದ್ದೂ ಯಂತ್ರದಲ್ಲಿ ಕಲಸುಮೇಲೋಗರ, ಅದೊಂದು ಮಾತ್ರ ಸ್ಪಷ್ಟ. ಕೆಳಗಿನಿಂದ ಏರಿ, ತುದಿಯಲ್ಲಿ ಮುರಿದು, ಮೂರು ಸಲ. ಮಗೂ, ಕೂಗುತ್ತಿದ್ದವರು ಇಪ್ಪತ್ತು ವರ್ಷದವರು. ಅವರು ಹುಟ್ಟುವ ಮೊದಲೇ ಗಿರಣಿ ಮುಚ್ಚಿತ್ತು. ಸೈರನ್ ಹೇಗಿತ್ತೆಂದು ಅವರಿಗೆ ಗೊತ್ತೇ ಇಲ್ಲ. ಆದರೂ ಅದೇ ಸೈರನ್, ಅದೇ ಏರು, ಅದೇ ಮುರಿತ. ನನ್ನ ಹಲಗೆಗೆ ವಾರಸುದಾರರಿಲ್ಲವೆಂದು ಅಳುತ್ತಿದ್ದೆನಲ್ಲ, ನನ್ನ ಕೂಗಿಗೆ ಮೂರು ಸಾಲು ವಾರಸುದಾರರಿದ್ದರು.

ಪಕ್ಕದಲ್ಲಿ ನಿನ್ನ ಚಿಕ್ಕತಾತ ಕದಲಲಿಲ್ಲ. ಮೊಣಕಾಲ ಮೇಲಿದ್ದ ಕೈ ಮಾತ್ರ ಮುಷ್ಟಿಯಾಯಿತು. ನನಗೆ ಕೂರಲು ಆಗಲಿಲ್ಲ. ಎದ್ದು ಬೇಲಿಯ ಪಕ್ಕದ ದಾರಿಯಲ್ಲಿ ಕೋಲೂರಿಕೊಂಡು ಹೋದೆ. ಕಾವಲಿನವನು ತಡೆದ. ಕಿವಿ ತೋರಿಸಿ ಮುಂದೆ ನಡೆದೆ. ನನ್ನ ಕಿವುಡು ಒಳ್ಳೆಯದಕ್ಕೆ ಉಪಯೋಗವಾದದ್ದು ಅದೇ ಮೊದಲು.

ನಿನ್ನ ಗೋಲಿನ ಹಿಂದೆ, ಗ್ಯಾಲರಿಯ ಕಡೆ ಮುಖ ಮಾಡಿ ನಿಂತೆ. "ಸಾಕು ನಿಲ್ಸಿ!" ಎಂದೆ. "ಅದು ನಂದು. ಶುರು ಮಾಡಿದ್ದು ನಾನು. ತಪ್ಪು ಮಾಡಿದೆ. ನಿಲ್ಸಿ!" ಗಂಟಲು ಮುದಿಯಾಗಿದೆ, ಆದರೂ ಮೊದಲ ಹತ್ತು ಸಾಲಿಗೆ ಮುಟ್ಟಿತು. ಕೆಲವರು ನಿಲ್ಲಿಸಿದರು. ಕೆಲವರು ನಕ್ಕರು. ಒಬ್ಬ ಪೇಪರ್ ಕಪ್ ಎಸೆದ, ಟೀ ನನ್ನ ಕೋಟಿನ ಮೇಲೆ ಬಿತ್ತು. ಎಲ್ಲರೂ ನಿಲ್ಲಿಸಿದರೆಂದು ಬರೆದರೆ ಅದು ಇನ್ನೊಂದು ಕೊಳೆ ಗಾಜಾಗುತ್ತದೆ, ಅರ್ಥ ನಿನ್ನಮ್ಮನನ್ನು ಕೇಳು. ನಿಲ್ಲಿಸದವರ ಮುಖವನ್ನು ಒಂದೊಂದಾಗಿ ನೋಡುತ್ತ ಆಟ ಮುಗಿಯುವವರೆಗೂ ಅಲ್ಲೇ ನಿಂತೆ.

ಹಾಗಾಗಿ ನಿನ್ನ ಪೆನಾಲ್ಟಿ ನಾನು ನೋಡಲಿಲ್ಲ. ತಿರುಗಬೇಕೆಂದು ಜೀವ ಬಡಿದುಕೊಂಡಿತು, ತಿರುಗಿದರೆ ಮತ್ತೆ ಶುರು ಮಾಡುತ್ತಾರೆಂದು ತಿರುಗಲಿಲ್ಲ. ಇಡೀ ಗ್ಯಾಲರಿ ಎದ್ದು ನಿಂತಿತು. ಎಲ್ಲರ ಬಾಯಿಯೂ ಗೋಲು ಎನ್ನಲು ದುಂಡಗೆ ತೆರೆಯಿತು, ತೆರೆದದ್ದು ಹಾಗೇ ಉಳಿಯಿತು. ನಾಲ್ಕನೆಯ ಸಾಲಿನಲ್ಲಿ ಬಾಬಿನ್ ಇದ್ದ. ತುಟಿ ಮಾತ್ರ ಆಡಿಸಿದ, ಮಗ್ಗಗಳ ನಡುವೆ ಆಡಿಸುತ್ತಿದ್ದ ಹಾಗೆ. "ಹಿಡಿದ್ಬಿಟ್ಲು ಕಣೋ ನಿನ್ ಮೊಮ್ಮಗ್ಳು."

ಐವತ್ತು ವರ್ಷದಲ್ಲಿ ಎಷ್ಟೋ ಆಟ ನೋಡಿದ್ದೇನೆ. ನೋಡದೆ ಇದ್ದ ಈ ಒಂದು ಮಾತ್ರ ಕಣ್ಣ ಮುಂದೆ ನಿಂತಿದೆ.

ನಿನ್ನಮ್ಮನ ಅಪ್ಪ

◆

ಮೇ ೯

ತಾತಾ,

ತಾತ ಎಂದೇ ಬರೆಯುತ್ತಿದ್ದೇನೆ. ಆದರೆ ಕೋಪ ಬಂತು, ಇನ್ನೂ ಇದೆ. ನಾಲ್ಕು ದಿನ ಅಮ್ಮನ ಜತೆಯೂ ಮಾತಾಡಲಿಲ್ಲ. ಆ ಕೂಗು ನನಗೆ ಹೊಸದಲ್ಲ. ಎರಡು ಮೂರು ಊರಿನಲ್ಲಿ ಕೇಳಿದ್ದೇನೆ, ಕೇಳಿಸದ ಹಾಗೆ ಇರುವುದು ಅಭ್ಯಾಸವಾಗಿದೆ. ಅದನ್ನು ಯಾರೋ ಒಬ್ಬರು ಒಂದು ಶನಿವಾರ ಶುರು ಮಾಡಿದ್ದರು, ಆ ಒಬ್ಬರು ನನ್ನ ತಾತ ಎಂಬುದು ಮಾತ್ರ ಹೊಸದು.

ನಿನ್ನ ಪತ್ರವನ್ನು ಅಮ್ಮ ಚಿಕ್ಕತಾತನಿಗೆ ಓದಿ ಹೇಳಿದಳು. ಭುಜದ ಮೇಲಿನ ಮಗು ಎಂದು ಬಂದಲ್ಲಿ ಅವಳು ಕಾಗದ ಕೆಳಗಿಟ್ಟಳು. ತಾನೂ ಕೂಗಿದ್ದೆ ಎಂದು ಅಲ್ಲೇ ಹೇಳಿ ಅತ್ತಳು. ಚಿಕ್ಕತಾತ, "ಒಂದು ಸಣ್ಣ ದನಿ ಕೇಳಿದ್ ನೆನಪಿದೆ, ನೀನಾ ಅದು?" ಎಂದು ಅವಳ ತಲೆ ಮೇಲೆ ಆ ದೊಡ್ಡ ಕೈ ಇಟ್ಟರು.

ಹಲಗೆ ನಮ್ಮ ಮನೆಯಲ್ಲಿದೆ. ನೀನು ಬಿಟ್ಟು ಎದ್ದುಹೋದದ್ದನ್ನು ಚಿಕ್ಕತಾತ ಹೊತ್ತು ತಂದರು. ಅಮ್ಮ ಬಾಗಿಲ ಹಿಂದೆ ಇಟ್ಟಿದ್ದಾಳೆ. ಅದರ ಮೇಲೆ ಯಾರೂ ಕೂತಿಲ್ಲ, ಅದನ್ನು ಯಾರೂ ಎಸೆದೂ ಇಲ್ಲ.

ಪೆನಾಲ್ಟಿ ನೀನು ನೋಡಲಿಲ್ಲವೆಂದೆಯಲ್ಲ, ಕೇಳು. ನಿಮ್ಮ ತಂಡದವಳು ಚೆಂಡು ಇಟ್ಟು ಹಿಂದೆ ಸರಿದಳು. ಕೂಗು ಬರುತ್ತದೆ ಎಂದು ಮೈ ಬಿಗಿ ಮಾಡಿಕೊಂಡೆ. ಬರಲಿಲ್ಲ. ಯಾಕೆ ಬರಲಿಲ್ಲವೆಂದು ಒಮ್ಮೆ ತಿರುಗಿ ನೋಡಿದೆ. ಬಲೆಯ ಆಚೆ ನಿನ್ನ ಬೆನ್ನು, ಟೀ ಸುರಿದ ಕೋಟು. ಮತ್ತೆ ಮುಂದೆ ತಿರುಗಿದೆ. ನೀನು ಆ ಕಡೆ, ನಾನು ಈ ಕಡೆ. ಎಡಕ್ಕೆ ಹೊಡೆಯುತ್ತಾಳೆ ಎಂದು ಅವಳ ಮೊಣಕಾಲು ಹೇಳಿತು. ಹಾರಿದೆ. ಬೆರಳಿಗೆ ತಾಗಿತು, ಕಂಬಕ್ಕೆ ಬಡಿದು ವಾಪಸ್ ಬಂತು, ಎದೆಗೆ ಅವುಚಿಕೊಂಡು ಬಿದ್ದೆ. ಹತ್ತು ನಿಮಿಷದ ಮೇಲೆ ಒಂದು ಗೋಲು ಬಿಟ್ಟು ಸೋತೆವು, ಅದನ್ನೂ ನೀನು ನೋಡಲಿಲ್ಲ, ಒಳ್ಳೆಯದೇ ಆಯಿತು.

ಜೂನ್ ಎಂಟಕ್ಕೆ ಇಲ್ಲಿ, ನಮ್ಮ ಬಂದರಿನ ಕ್ರೀಡಾಂಗಣದಲ್ಲಿ ಆಟ ಇದೆ. ಹಲಗೆಗೆ ಹೊಸ ಬೋಲ್ಟು ತಂದಿದ್ದೇನೆ, ಎಲ್ಲಿ ಹಾಕುವುದೆಂದು ನೀನು ಬಂದ ಮೇಲೆ ನೋಡೋಣ. ಬಾ. ಈ ಸಲ ನನ್ನ ಕಡೆ ಮುಖ ಮಾಡಿ ಕೂತ್ಕೋ.

ನಿನ್ನ ಮೊಮ್ಮಗಳು